ಕಂಪನಿ ಮನೆ, ಕಂಪನಿ ಅಂಗಡಿ, ಕಂಪನಿ ಕಾಸು: ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಊರುಗಳಲ್ಲಿ ಜನ ಹೇಗೆ ಬದುಕಿದರು?

ಬೆಟ್ಟದ_ಡಾಕ್ಟರ್ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು, ಡಾಕ್ಟರ್. 1996ರಿಂದ 22 ವರ್ಷ ಅಮೆರಿಕದ ವೆಸ್ಟ್ ವರ್ಜೀನಿಯಾದ ದಕ್ಷಿಣ ಭಾಗದಲ್ಲಿ, ಬೆಟ್ಟಗಳ ಸಂದಿಯ ಒಂದು ಸಣ್ಣ ಊರಲ್ಲಿ ಕೆಲಸ ಮಾಡಿದೆ. ಅಲ್ಲಿಗೆ ಹೋಗಲು ಅವರ ದೇಶದ ಡಾಕ್ಟರುಗಳೇ ಒಪ್ಪುತ್ತಿರಲಿಲ್ಲ. ಅಂಥ ಕಡೆ ಮೂರು ವರ್ಷ ದುಡಿದರೆ ಹೊರದೇಶದ ಡಾಕ್ಟರಿಗೆ ಅಲ್ಲೇ ಉಳಿಯಲು ದಾರಿ ಸಿಗುತ್ತಿತ್ತು. ನನ್ನ ಹಾಗೆ ಎಷ್ಟೋ ಭಾರತೀಯರು ಆ ಬೆಟ್ಟಗಳಿಗೆ ಹೋದದ್ದು ಹೀಗೇ. ಮೂರು ವರ್ಷಕ್ಕೆ ಅಂತ ಹೋದವಳಿಗೆ ಅಲ್ಲಿನ ಜನರನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ.

ನನ್ನ ರೋಗಿಗಳಲ್ಲಿ ಅರ್ಧಕ್ಕರ್ಧ ಜನ ಕಲ್ಲಿದ್ದಲು ಗಣಿಯಲ್ಲಿ ದುಡಿದವರು, ಇಲ್ಲವೇ ಅವರ ಹೆಂಡತಿಯರು, ಮಕ್ಕಳು. ಅವರಲ್ಲಿ ಒಬ್ಬ ತಾತ. ಆಗ ಅವರಿಗೆ ಎಂಬತ್ತು ದಾಟಿತ್ತು. ಹದಿನಾರಕ್ಕೇ ಗಣಿಗೆ ಇಳಿದವರು. ಒಂದು ದಿನ ಎದೆಯ ಎಕ್ಸ್‌ರೇ ನೋಡಿ ಮುಗಿಸಿದ ಮೇಲೆ, ಜೇಬಿನಿಂದ ಏನೋ ತೆಗೆದು ನನ್ನ ಅಂಗೈಯಲ್ಲಿಟ್ಟರು. ನಮ್ಮ ಹಳೇ ನಾಲ್ಕಾಣೆ ಗಾತ್ರದ ಹಿತ್ತಾಳೆ ಬಿಲ್ಲೆ. ನಡುವೆ ಒಂದು ಅಕ್ಷರದ ಆಕಾರದಲ್ಲಿ ತೂತು. ಸುತ್ತ ಕಂಪನಿ ಹೆಸರು. ಅಂಚು ಸವೆದು ನುಣ್ಣಗಾಗಿತ್ತು. "ಇದೇ ನಮ್ಮ ದುಡ್ಡು ಡಾಕ್ಟರ್. ಕೆಳಗಿನ ಅಂಗಡಿಯಲ್ಲಿ ಬಿಟ್ಟರೆ ಭೂಮಿ ಮೇಲೆ ಎಲ್ಲೂ ನಡೆಯುತ್ತಿರಲಿಲ್ಲ" ಅಂದರು.

ಅದಕ್ಕೆ ಸ್ಕ್ರಿಪ್ ಅನ್ನುತ್ತಿದ್ದರು. ಬಟವಾಡೆ ಹದಿನೈದು ದಿನಕ್ಕೊಮ್ಮೆ. ಅಲ್ಲಿಯವರೆಗೆ ಮನೆ ನಡೆಯಬೇಕಲ್ಲ. ಗಣಿಯವನ ಹೆಂಡತಿ ಕಂಪನಿ ಕಚೇರಿಯ ಕಿಟಕಿಗೆ ಹೋಗಿ ಗಂಡನ ನಂಬರ್ ಹೇಳುತ್ತಿದ್ದಳು. ಅವನು ಅಷ್ಟರಲ್ಲಿ ದುಡಿದಿದ್ದರ ಮೇಲೆ ಮುಂಗಡವಾಗಿ ಬಿಲ್ಲೆ ಕೊಡುತ್ತಿದ್ದರು. ಅದನ್ನು ತಗೊಂಡು ಪಕ್ಕದಲ್ಲೇ ಇದ್ದ ಕಂಪನಿ ಅಂಗಡಿಗೆ ಹೋಗಬೇಕು. ಹಿಟ್ಟು, ಬೂಟು, ಸೀಮೆಎಣ್ಣೆ, ಮದುವೆ ಬಟ್ಟೆ, ಎಲ್ಲವೂ ಅಲ್ಲೇ. ಬಿಲ್ಲೆಗೆ ಬದಲಾಗಿ ನೋಟು ಬೇಕು ಅಂದರೆ ಮುಖಬೆಲೆಗಿಂತ ಕಡಿಮೆ ಸಿಗುತ್ತಿತ್ತು.

ಬಟವಾಡೆ ದಿನ ಕೈಗೆ ಒಂದು ಚೀಟಿ ಬರುತ್ತಿತ್ತು. ಮೇಲೆ ಎಷ್ಟು ಟನ್ ಅಗೆದ ಅನ್ನುವ ಲೆಕ್ಕ. ಕೆಳಗೆ ಮುರಿದುಕೊಂಡದ್ದು: ಮನೆ ಬಾಡಿಗೆ, ಮನೆಗೆ ಉರಿಸಿದ ಕಲ್ಲಿದ್ದಲು, ಕಂಪನಿ ಡಾಕ್ಟರ್, ಹತಾರ ಹರಿತ ಮಾಡಿದ ಕೂಲಿ, ಸಿಡಿಮದ್ದು, ಅಂಗಡಿ ಬಾಕಿ. ಬಂಡೆ ಸಿಡಿಸುವ ಮದ್ದನ್ನೂ ಕೂಲಿಯವನೇ ಕೊಳ್ಳಬೇಕಿತ್ತು. ನನಗೆ ತುಂಬಾ ನೋವಾದದ್ದು ಈ ಸಾಲು ಓದಿದಾಗ. ಎಲ್ಲ ಕಳೆದು ಕೊನೆಗೆ ಎಷ್ಟೋ ಸಲ ಸೊನ್ನೆ.

ಇಷ್ಟಾಗಿಯೂ ಆ ತಾತ ಹೇಳುತ್ತಿದ್ದದ್ದು ಒಂದೇ ಮಾತು: "ಅಂಥ ಊರು ಮತ್ತೆ ಸಿಗಲ್ಲ." ಇದನ್ನು ಹೇಗೆ ಅರ್ಥ ಮಾಡಿಕೊಳ್ಳುವುದು ಅಂತ ಇಷ್ಟು ವರ್ಷ ಯೋಚಿಸುತ್ತಲೇ ಇದ್ದೇನೆ. ಇಲ್ಲಿ ಗಣಿ ಊರುಗಳಲ್ಲಿ ಬೆಳೆದವರು ಇದ್ದರೆ ದಯವಿಟ್ಟು ಬರೆಯಿರಿ.

ಓದುಗ_ತುಮಕೂರು

ಮೇಡಂ, ತುಂಬಾ ಒಳ್ಳೇ ವಿಷಯ ತೆಗೆದಿದ್ದೀರಿ. ನಾನು ಇತಿಹಾಸದಲ್ಲಿ ಎಂ.ಎ. ಮಾಡುತ್ತಿದ್ದೇನೆ. ಎರಡು ಪ್ರಶ್ನೆ. ಪಕ್ಕದ ಊರಿನ ಅಂಗಡಿಗೆ ಯಾಕೆ ಹೋಗುತ್ತಿರಲಿಲ್ಲ? ಮತ್ತೆ, ಟನ್ ಲೆಕ್ಕ ಅಂದಿರಲ್ಲ, ತೂಕ ಮಾಡುತ್ತಿದ್ದದ್ದು ಯಾರು?

ಬೆಟ್ಟದ_ಡಾಕ್ಟರ್

ಮೊದಲನೆಯದಕ್ಕೆ ಆ ಜಾಗ ಕಣ್ಣ ಮುಂದೆ ಬರಬೇಕು. ನಮ್ಮ ಚಾರ್ಮಾಡಿ ಘಾಟಿಯ ಹಾಗೆ ಕಡಿದಾದ ಕಣಿವೆ ಅಂದುಕೊಳ್ಳಿ. ತಳದಲ್ಲಿ ಒಂದು ಹಳ್ಳ, ಹಳ್ಳದ ಪಕ್ಕ ರೈಲು ಹಳಿ, ಹಳಿಯ ಪಕ್ಕ ಒಂದೇ ಸಾಲು ಮನೆ. ಅಷ್ಟೇ ಜಾಗ. ರೈಲು ಬರುವ ಮುಂಚೆ ಅಲ್ಲಿ ಊರೇ ಇರಲಿಲ್ಲ. ದೊಡ್ಡ ರೈಲುಮಾರ್ಗವೊಂದು ಆ ಬೆಟ್ಟಗಳನ್ನು ದಾಟಿದ್ದು 1873ರಲ್ಲಿ. ಇನ್ನೊಂದು ಪೊಕಹೊಂಟಸ್ ಅನ್ನುವ ಕಡೆಗೆ ಬಂದು ಕಲ್ಲಿದ್ದಲು ಸಾಗಿಸಲು ಶುರು ಮಾಡಿದ್ದು 1883ರಲ್ಲಿ. ಆಮೇಲೆ ಕಂಪನಿಗಳು ಬೆಟ್ಟಗಳನ್ನೇ ಕೊಂಡವು. ಕಾಡು, ಹಳ್ಳ, ದಾರಿ ಎಲ್ಲ ಅವರದ್ದು. ಪಕ್ಕದ ಊರೂ ಇನ್ನೊಂದು ಕಂಪನಿಯದ್ದೇ. 1920ರ ದಶಕದಲ್ಲಿ ಅಲ್ಲಿನ ಗಣಿಯವರಲ್ಲಿ ಹತ್ತಕ್ಕೆ ಸುಮಾರು ಎಂಟು ಮಂದಿ ಕಂಪನಿ ಮನೆಯಲ್ಲೇ ಇದ್ದರು.

ತೂಕದ ವಿಷಯ. ಕತ್ತಲಲ್ಲಿ ಕಲ್ಲಿದ್ದಲು ತುಂಬಿದ, ಹಳಿ ಮೇಲೆ ಓಡುವ ಡಬ್ಬಿಗೆ ಗಣಿಯವನು ತನ್ನ ನಂಬರಿನ ಹಿತ್ತಾಳೆ ತಗಡನ್ನು ನೇತುಹಾಕುತ್ತಿದ್ದ. ಡಬ್ಬಿ ಮೇಲೆ ಬಂದ ಮೇಲೆ ಕಂಪನಿ ಗುಮಾಸ್ತ ತೂಗಿ ಆ ನಂಬರಿಗೆ ಬರೆಯುತ್ತಿದ್ದ. ತುಂಬಿದವನು ಇನ್ನೂ ನೆಲದ ಕೆಳಗೇ ಇರುತ್ತಿದ್ದ. ಕಲ್ಲು ಬೆರೆತಿದೆ ಅಂತ ತೂಕ ಕಡಿತ ಮಾಡುವುದು ಮಾಮೂಲಿ. ಡಬ್ಬಿಗೆ ಪಕ್ಕದಲ್ಲಿ ಹಲಗೆ ಹೊಡೆದು ಜಾಸ್ತಿ ತುಂಬಿಸಿ, ಹಳೇ ಅಳತೆಗೇ ಕೂಲಿ ಕೊಡುವುದೂ ಇತ್ತು. ಅದಕ್ಕೇ "ತಕ್ಕಡಿ ಹತ್ತಿರ ನಮ್ಮವನೂ ಒಬ್ಬ ನಿಲ್ಲಲಿ" ಅನ್ನುವುದು ಅವರ ಹಳೇ ಬೇಡಿಕೆಗಳಲ್ಲಿ ಒಂದು. ಇನ್ನೊಂದು ಮಾತು. ಮೇಲ್ಚಾವಣಿಗೆ ಮರದ ಆಸರೆ ಕೊಡುವುದು, ಬಿದ್ದ ಬಂಡೆ ತೆಗೆಯುವುದು, ನೀರು ಹೊರಹಾಕುವುದು, ಇದಕ್ಕೆಲ್ಲ ಎಷ್ಟೋ ಕಡೆ ಕೂಲಿಯೇ ಇರಲಿಲ್ಲ. ಕಲ್ಲಿದ್ದಲು ಹೊರಗೆ ಬಂದರೆ ಮಾತ್ರ ಕಾಸು. ಜೀವ ಉಳಿಸಿಕೊಳ್ಳುವ ಕೆಲಸವನ್ನು ಬಿಟ್ಟಿ ಮಾಡಬೇಕು ಅಂದರೆ ಜನ ಅವಸರ ಮಾಡದೆ ಇರುತ್ತಾರಾ? ಚಾವಣಿ ಕುಸಿದು ಸತ್ತವರಿಗೆ ಲೆಕ್ಕವಿಲ್ಲ.

ಲೆಕ್ಕಿಗ

ನಾನು ಸ್ವಲ್ಪ ಬೇರೆ ಥರ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಡಾಕ್ಟ್ರೇ. ಊರೇ ಇಲ್ಲದ ಕಣಿವೆಯಲ್ಲಿ ಮನೆ ಕಟ್ಟದೆ ಕಂಪನಿಗೆ ಬೇರೆ ದಾರಿ ಇತ್ತಾ? ಕೆಲಸಗಾರರೂ ಕೈಕಟ್ಟಿ ಕೂತವರಲ್ಲ. ಆ ಕಾಲದ ದಾಖಲೆ ನೋಡಿದ ಅರ್ಥಶಾಸ್ತ್ರಜ್ಞರು ಹೇಳುವ ಪ್ರಕಾರ, ಗಣಿಯವರು ಪದೇ ಪದೇ ಗಣಿ ಬದಲಾಯಿಸುತ್ತಿದ್ದರು. ಮನೆ ಚೆನ್ನಾಗಿರುವ ಕಡೆ, ಅಂಗಡಿ ಅಗ್ಗ ಇರುವ ಕಡೆ ಹೋಗುತ್ತಿದ್ದರು. ಎಲ್ಲರೂ ಸಾಲದಲ್ಲಿ ಮುಳುಗಿ ಜೀತ ಮಾಡಿದರು ಅನ್ನುವುದು ಪೂರ್ತಿ ನಿಜವಲ್ಲ. ಇಟಲಿ, ಹಂಗೇರಿಯಿಂದ ಬಂದವರಿಗೂ, ಅಮೆರಿಕದ ದಕ್ಷಿಣದ ಹತ್ತಿ ಹೊಲದಲ್ಲಿ ದುಡಿಯುತ್ತಿದ್ದ ಕಪ್ಪು ಜನರಿಗೂ ಇದು ಮೊದಲಿಗಿಂತ ಒಳ್ಳೇ ಬದುಕೇ ಆಗಿತ್ತು. ತಾತ ಹೇಳಿದ್ದು ಅದೇ ಇರಬಹುದಲ್ವಾ?

ಚಾಂಪಿಯನ್_ರೀಫ್_ಮಗ

ಲೆಕ್ಕಿಗರ ಮಾತಿಗೆ ನನ್ನ ಕಡೆಯಿಂದ ಒಂದು. ನಾನು ಹುಟ್ಟಿದ್ದು ಕೆ.ಜಿ.ಎಫ್.ನಲ್ಲಿ, 1968ರಲ್ಲಿ. ಅಪ್ಪ ಒಳಗಿಳಿಯುತ್ತಿದ್ದರು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ನಮ್ಮದು ಚಿನ್ನದ ಗಣಿ, ಕಲ್ಲಿದ್ದಲಲ್ಲ. ಆದರೆ ಡಾಕ್ಟರಮ್ಮ ಬರೆದದ್ದು ಓದುವಾಗ ನಮ್ಮ ಲೈನ್ ಮನೆಯೇ ಕಣ್ಣಿಗೆ ಬಂತು.

1880ರ ಸುಮಾರಿಗೆ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಬಂದ ಮೇಲೆ ಆದ ಊರು ನಮ್ಮದು. ದಿಣ್ಣೆ ಮೇಲೆ ಸಾಹೇಬರ ಬಂಗಲೆ, ಕ್ಲಬ್ಬು. ಕೆಳಗೆ ಕೂಲಿ ಲೈನು. 1902ರಲ್ಲೇ ಶಿವನಸಮುದ್ರದಿಂದ ಗಣಿಗೆ ಕರೆಂಟ್ ಬಂತು ಅಂತ ನಮ್ಮೂರಿನವರು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ನಾನೂ ಹೇಳುತ್ತೇನೆ. ಇಡೀ ಊರಿನ ಗಡಿಯಾರ ಅಂದರೆ ಗಣಿ ಸೈರನ್. ಅಮ್ಮ ಒಲೆ ಹಚ್ಚುತ್ತಿದ್ದದ್ದು ಅದರ ಲೆಕ್ಕದಲ್ಲೇ.

ಕೆಲವು ರಾತ್ರಿ ನೆಲದೊಳಗೆ ದೊಡ್ಡ ಸದ್ದಾಗುತ್ತಿತ್ತು. ಮೂರು ಕಿಲೋಮೀಟರಿಗಿಂತ ಆಳದ ಗಣಿ, ಒತ್ತಡಕ್ಕೆ ಬಂಡೆಯೇ ಸಿಡಿಯುತ್ತಿತ್ತು. ನಾವು ಅದನ್ನು ಏರ್ ಬ್ಲಾಸ್ಟ್ ಅನ್ನುತ್ತಿದ್ದೆವು. ಗೂಡಿನ ಮೇಲಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಟಿಣಿಟಿಣಿ ಅನ್ನುತ್ತಿದ್ದವು. ಅಪ್ಪ ರಾತ್ರಿ ಪಾಳಿಯಲ್ಲಿದ್ದರೆ ಅಮ್ಮ ಎದ್ದು ಕೂತು ಆ ಲೋಟಗಳನ್ನು ಒಂದೊಂದಾಗಿ ಕೆಳಗಿಳಿಸಿ ಚಾಪೆ ಮೇಲೆ ಇಡುತ್ತಿದ್ದರು. ಏನೂ ಮಾತಾಡುತ್ತಿರಲಿಲ್ಲ. ಅಕ್ಕಪಕ್ಕದ ಬಾಗಿಲುಗಳೂ ತೆಗೆಯುವುದು ಕೇಳಿಸುತ್ತಿತ್ತು. ಲೈನಿನ ಹೆಂಗಸರೆಲ್ಲ ಹೊರಗೆ ಬಂದು ಸೆರಗು ಹೊದ್ದು ನಿಲ್ಲುತ್ತಿದ್ದರು.

ಆ ತಾತ "ಅಂಥ ಊರು ಸಿಗಲ್ಲ" ಅಂದದ್ದು ಕಂಪನಿಯನ್ನು ಹೊಗಳಿ ಅಲ್ಲ ಸರ್. ಆ ಬಾಗಿಲುಗಳು ತೆಗೆಯುತ್ತಿದ್ದವಲ್ಲ, ಅದನ್ನು ನೆನೆದು. ನಮ್ಮ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ನಾನು ಬೆಂಗಳೂರಿಗೆ ಬಂದು ಬಹಳ ವರ್ಷವಾಯಿತು. ಇಲ್ಲಿ ರಾತ್ರಿ ಏನೇ ಸದ್ದಾದರೂ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಬಾಗಿಲೂ ತೆಗೆಯುವುದಿಲ್ಲ.

ಬೆಟ್ಟದ_ಡಾಕ್ಟರ್

ನಿಮ್ಮ ಅಮ್ಮನ ಲೋಟಗಳ ವಿಷಯ ಓದಿ ಕಣ್ಣು ತುಂಬಿತು. ನೀವು ಹೇಳಿದ್ದು ನನಗೆ ಇಷ್ಟು ವರ್ಷ ಹೊಳೆಯದ ಮಾತು.

ಲೆಕ್ಕಿಗರೇ, ಜನ ಗಣಿ ಬದಲಾಯಿಸುತ್ತಿದ್ದದ್ದು ನಿಜ, ಒಪ್ಪುತ್ತೇನೆ. ನಾನು ಹೇಳಿದ ಆ ತಾತನೇ ಆರು ಊರು ಸುತ್ತಿದ್ದರು. ಕಪ್ಪು ಗಣಿಯವರು ಅಲ್ಲಿ ಮತ ಹಾಕಬಹುದಿತ್ತು, ಟನ್ನಿಗೆ ಬಿಳಿಯರಷ್ಟೇ ಕೂಲಿ ಸಿಗುತ್ತಿತ್ತು, ಅದೂ ನಿಜ. ಆದರೆ ಅವರ ಮನೆ ಸಾಲು ಬೇರೆ, ಶಾಲೆ ಬೇರೆ. ಒಳಗೆ ಎಲ್ಲರೂ ಒಂದೇ ಬಣ್ಣ, ಮೇಲೆ ಬಂದು ಮುಖ ತೊಳೆದ ಕೂಡಲೇ ಹಳ್ಳದ ಆಚೆ ಈಚೆ.

ನನ್ನ ತಕರಾರು ಅಂಗಡಿಯ ರೇಟಿಗಿಂತ ಜಾಸ್ತಿ ಮನೆಯ ಬಗ್ಗೆ. ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು. ಕರಾರಿನಲ್ಲೇ ಹಾಗೆ ಬರೆದಿರುತ್ತಿದ್ದರು. ಯೂನಿಯನ್ ಸೇರಿದರೆ ಕೆಲಸ ಹೋಗುತ್ತಿತ್ತು. ಅಂದರೆ ಯೂನಿಯನ್ ಚೀಟಿಗೆ ಸಹಿ ಹಾಕುವವನು ಮಕ್ಕಳ ತಲೆ ಮೇಲಿನ ಸೂರಿಗೂ ಸೇರಿಸಿ ಸಹಿ ಹಾಕುತ್ತಿದ್ದ.

1912ರಲ್ಲಿ ಪೇಂಟ್ ಕ್ರೀಕ್, ಕ್ಯಾಬಿನ್ ಕ್ರೀಕ್ ಕಣಿವೆಗಳಲ್ಲಿ ಮುಷ್ಕರವಾಯಿತು. ಬಾಲ್ಡ್ವಿನ್-ಫೆಲ್ಟ್ಸ್ ಅನ್ನುವ ಖಾಸಗಿ ಪತ್ತೇದಾರಿ ಸಂಸ್ಥೆಯ ಬಂದೂಕುದಾರರು ಬಂದು ಮನೆ ಖಾಲಿ ಮಾಡಿಸಿದರು. ಜನ ಆ ಚಳಿಗಾಲ ಡೇರೆಗಳಲ್ಲಿ ಕಳೆದರು. 1913ರ ಫೆಬ್ರವರಿ 7ರ ರಾತ್ರಿ ಉಕ್ಕಿನ ಕವಚ ಹಾಕಿದ ರೈಲೊಂದು ಹೋಲಿ ಗ್ರೋವ್ ಡೇರೆಗಳ ಮೇಲೆ ಮೆಷಿನ್ ಗನ್ ಹಾರಿಸುತ್ತಾ ಹಾದುಹೋಯಿತು. ಒಳಗೆ ಹೆಂಗಸರು, ಮಕ್ಕಳು ಮಲಗಿದ್ದರು. ಒಬ್ಬ ಗಣಿಯವನು ಸತ್ತ.

1920ರ ಮೇ 19. ಮೇಟ್‌ವಾನ್ ಅನ್ನುವ ಊರು. ಅದೇ ಸಂಸ್ಥೆಯವರು ರೈಲಿಳಿದು ಬಂದು ಯೂನಿಯನ್ ಸೇರಿದವರ ಸಾಮಾನು ಬೀದಿಗೆ ಹಾಕಿದರು. ಅಲ್ಲಿನ ಪೊಲೀಸ್ ಮುಖ್ಯಸ್ಥ ಸಿಡ್ ಹ್ಯಾಟ್‌ಫೀಲ್ಡ್ ಜನರ ಕಡೆಯವನು. ಸಂಜೆ ರೈಲು ಹತ್ತಲು ಹೊರಟವರನ್ನು ತಡೆದ. ಊರಿನ ಮೇಯರ್ ಕೂಡ ಬಂದ. ಮೊದಲು ಯಾರು ಗುಂಡು ಹೊಡೆದರೋ, ಕೆಲವೇ ನಿಮಿಷದ ಆ ಗುಂಡಿನ ಕಾಳಗಕ್ಕೆ 10 ಮಂದಿ ಬಲಿಯಾದರು: ಏಳು ಮಂದಿ ಪತ್ತೇದಾರರು, ಇಬ್ಬರು ಗಣಿಯವರು, ಮತ್ತು ಮೇಯರ್. ಮರುವರ್ಷ ಆಗಸ್ಟ್ 1ಕ್ಕೆ ಸಿಡ್‌ನನ್ನು ವೆಲ್ಚ್ ಊರಿನ ಕೋರ್ಟಿನ ಮೆಟ್ಟಿಲ ಮೇಲೆ ಕೊಂದರು. ಕೈಯಲ್ಲಿ ಆಯುಧವಿರಲಿಲ್ಲ, ಹೆಂಡತಿ ಪಕ್ಕದಲ್ಲಿದ್ದಳು. ಆ ಮೆಟ್ಟಿಲನ್ನು ನಾನು ಎಷ್ಟು ಸಲ ಹತ್ತಿಳಿದಿದ್ದೇನೋ. ಒಂದು ಸಲವೂ ಸುಮ್ನೆ ಹತ್ತಲು ಆಗಿಲ್ಲ.

ಆಮೇಲೆ ಆದದ್ದು ಬ್ಲೇರ್ ಮೌಂಟನ್ ಅನ್ನುವ ಬೆಟ್ಟದ ಕಾಳಗ. ಸುಮಾರು 10,000 ಗಣಿಯವರು ಕುತ್ತಿಗೆಗೆ ಕೆಂಪು ಕರ್ಚೀಫು ಕಟ್ಟಿಕೊಂಡು ಬೆಟ್ಟ ಹತ್ತಿದರು. ಎದುರಿಗೆ ಲೋಗನ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಷೆರಿಫ್‌ನ, ಅಂದರೆ ಅಲ್ಲಿನ ಪೊಲೀಸ್ ಅಧಿಕಾರಿಯ ಪಡೆ. ಆ ಷೆರಿಫ್‌ಗೆ ಕಲ್ಲಿದ್ದಲು ಮಾಲೀಕರೇ ದುಡ್ಡು ಕೊಡುತ್ತಿದ್ದರು. ಬಾಡಿಗೆ ವಿಮಾನದಿಂದ ಬಾಂಬ್ ಹಾಕಿಸಿದರು. ಕೊನೆಗೆ ಸರ್ಕಾರದ ಸೈನ್ಯ ಬಂದಾಗ ಗಣಿಯವರು ಬಂದೂಕು ಕೆಳಗಿಟ್ಟರು. ಅವರಲ್ಲಿ ಬಹಳ ಮಂದಿ ಮೊದಲ ಮಹಾಯುದ್ಧದಲ್ಲಿ ಅದೇ ಸೈನ್ಯದಲ್ಲಿ ಇದ್ದವರು, ಅದರ ಮೇಲೆ ಗುಂಡು ಹಾರಿಸಲು ಮನಸ್ಸು ಬರಲಿಲ್ಲ. ಮುಂದಾಳುಗಳಲ್ಲಿ ಒಬ್ಬನಾದ ಬಿಲ್ ಬ್ಲಿಜರ್ಡ್ ಮೇಲೆ ರಾಜದ್ರೋಹದ ಮೊಕದ್ದಮೆ ಹೂಡಿದರು. 1859ರಲ್ಲಿ ಗುಲಾಮಗಿರಿಯ ವಿರುದ್ಧ ಎದ್ದ ಜಾನ್ ಬ್ರೌನ್‌ನ ವಿಚಾರಣೆ ನಡೆದದ್ದೂ ಈ ಮೊಕದ್ದಮೆ ನಡೆದ ಕೋರ್ಟಿನಲ್ಲೇ. ಬ್ಲಿಜರ್ಡ್ ಬಿಡುಗಡೆಯಾದ. ಯೂನಿಯನ್ ಮಾತ್ರ ನೆಲಕಚ್ಚಿತು. 1933ರಲ್ಲಿ ಸಂಘ ಕಟ್ಟುವ ಹಕ್ಕಿಗೆ ಕಾನೂನು ಬಂದ ಮೇಲೇ ಅದು ಮತ್ತೆ ಎದ್ದು ನಿಂತದ್ದು.

ಶಕ್ತಿನಗರ_ನಿವೃತ್ತ

ರಾಯಚೂರಿನ ಶಕ್ತಿನಗರದಲ್ಲಿ ಕೆಲಸ ಮಾಡಿದವನು ನಾನು. ನಮ್ಮ ವಿದ್ಯುತ್ ಸ್ಥಾವರದ ಮೊದಲ ಘಟಕ 1985ರಲ್ಲಿ ಶುರುವಾಯಿತು. ತೆಲಂಗಾಣದ ಸಿಂಗರೇಣಿ ಗಣಿಗಳಿಂದ ಬರುವ ಕಲ್ಲಿದ್ದಲಿನ ವ್ಯಾಗನ್ ನೋಡಿಕೊಂಡೇ ನನ್ನ ನೌಕರಿ ಮುಗಿಯಿತು. ಅದೂ ಇಂಥದ್ದೇ ಕಥೆ ನೋಡಿ. 1871ರಲ್ಲಿ ಯಲ್ಲಂದು ಹತ್ತಿರ ಕಲ್ಲಿದ್ದಲು ಸಿಕ್ಕಿತು, 1889ರಲ್ಲಿ ಅಗೆಯಲು ಶುರು. ಆಗ ಅದೂ ನಿಜಾಮರ ಸೀಮೆ, ನಮ್ಮ ರಾಯಚೂರೂ ನಿಜಾಮರ ಸೀಮೆ. ತೆಲುಗಿನವರು ಅದನ್ನು ನಲ್ಲ ಬಂಗಾರಂ, ಕಪ್ಪು ಚಿನ್ನ ಅನ್ನುತ್ತಾರೆ. ಕರೆಂಟಿನ ಸ್ವಿಚ್ ಹಾಕುವಾಗ ಆ ಕೊತ್ತಗೂಡೆಂ, ಬೆಲ್ಲಂಪಲ್ಲಿ ಕ್ವಾರ್ಟರ್ಸಿನ ಜನರ ನೆನಪು ನಮಗೆ ಇರಬೇಕು. ಡಾಕ್ಟರಮ್ಮ ಬರೆದದ್ದಕ್ಕೆ ನನ್ನ ವಂದನೆ.

ಒಗ್ಗರಣೆ_ಹಾಸನ

ಅಕ್ಕ, ಬಂದೂಕು, ಮುಷ್ಕರ ಎಲ್ಲ ಓದಿದೆ. ಹೆಂಗಸರು ಏನು ಮಾಡುತ್ತಿದ್ದರು ಹೇಳಿ. ಆ ಮಸಿಯಲ್ಲಿ ಬಟ್ಟೆ ಹೇಗೆ ಒಗೆಯುತ್ತಿದ್ದರು? ಏನು ಅಡುಗೆ ಮಾಡುತ್ತಿದ್ದರು?

ಬೆಟ್ಟದ_ಡಾಕ್ಟರ್

ಇದನ್ನು ಕೇಳಿದ್ದು ತುಂಬಾ ಒಳ್ಳೆಯದಾಯಿತು ತಂಗಿ. ಮನೆಯೊಳಗೆ ನಲ್ಲಿ ಇರಲಿಲ್ಲ. ನಾಲ್ಕೈದು ಮನೆಗೆ ಒಂದು ಕೈಪಂಪು. ಗಂಡ ಬರುವ ಹೊತ್ತಿಗೆ ನೀರು ಹೊತ್ತು ತಂದು, ಒಲೆ ಮೇಲೆ ಕಾಯಿಸಿ, ಅಡುಗೆ ಮನೆಯಲ್ಲೇ ತಗಡಿನ ತೊಟ್ಟಿಗೆ ಸುರಿಯಬೇಕು. ಅವನ ಬೆನ್ನು ಉಜ್ಜಿಕೊಡಬೇಕು. ಹಗ್ಗದ ಮೇಲೆ ಹರವಿದ ಬಟ್ಟೆ ರೈಲು ಹೋದರೆ ಮತ್ತೆ ಕಪ್ಪು. ಜೊತೆಗೆ ಎಷ್ಟೋ ಮನೆಗಳಲ್ಲಿ ಮದುವೆಯಾಗದ ಗಣಿಯವರನ್ನು ಊಟ, ವಸತಿಗೆ ಇಟ್ಟುಕೊಳ್ಳುತ್ತಿದ್ದರು. ಹಗಲು ಪಾಳಿಯವನು ಎದ್ದ ಹಾಸಿಗೆಯಲ್ಲೇ ರಾತ್ರಿ ಪಾಳಿಯವನು ಮಲಗುತ್ತಿದ್ದ. ಅಷ್ಟೂ ಜನರ ಅಡುಗೆ, ಬಟ್ಟೆ ಆ ಒಬ್ಬಳದ್ದು. ಕಂಪನಿ ಪುಸ್ತಕದಲ್ಲಿ ಅವಳ ಹೆಸರು ಎಲ್ಲೂ ಇಲ್ಲ.

ಹಿತ್ತಲಲ್ಲಿ ಹುರುಳಿಕಾಯಿ, ಆಲೂಗಡ್ಡೆ, ಕೋಸು. ಹುರುಳಿಕಾಯಿಯನ್ನು ದಾರಕ್ಕೆ ಪೋಣಿಸಿ ಒಲೆ ಹಿಂದೆ ಒಣಗಿಸಿ ಇಡುತ್ತಿದ್ದರು, ನಾವು ಬಾಳಕ ಒಣಗಿಸಿಟ್ಟ ಹಾಗೆ. ಇಟಲಿಯ ಹೆಂಗಸರು ಮನೆ ಹೊರಗೆ ಕಲ್ಲು, ಮಣ್ಣಿನ ಬ್ರೆಡ್ ಒಲೆ ಕಟ್ಟುತ್ತಿದ್ದರು. ಬಿಸಿ ಬ್ರೆಡ್ಡಿನ ವಾಸನೆಗೆ ಊರಿನ ಮಕ್ಕಳೆಲ್ಲ ಸೇರುತ್ತಿದ್ದರಂತೆ. ಭಾಷೆ ಬಾರದಿದ್ದರೂ ಬೇಲಿಯ ಮೇಲಿಂದ ಬ್ರೆಡ್ಡು ಆ ಕಡೆ, ಹುರುಳಿಕಾಯಿ ಈ ಕಡೆ.

ಗಣಿಯ ಊಟದ ಡಬ್ಬಿ ಹೇಳಲೇಬೇಕು. ದುಂಡನೆಯ ಅಲ್ಯೂಮಿನಿಯಂ ಬಕೆಟ್. ತಳದಲ್ಲಿ ನೀರು, ಅದರ ಮೇಲೆ ಕೂರುವ ತಟ್ಟೆಯಲ್ಲಿ ಊಟ. ಒಳಗೆ ಸಿಕ್ಕಿಹಾಕಿಕೊಂಡರೆ ಆ ನೀರೇ ಜೀವ. ತಾತನ ಮಗಳು ಹೇಳಿದ್ದು: ಅಪ್ಪ ದಿನಾ ಡಬ್ಬಿಯಲ್ಲಿ ಒಂದು ತುಂಡು ಕೇಕ್ ತಿನ್ನದೆ ಉಳಿಸಿಕೊಂಡು ಬರುತ್ತಿದ್ದರಂತೆ. ಮಕ್ಕಳು ರೈಲು ಹಳಿಯವರೆಗೂ ಓಡಿ ಹೋಗಿ ಡಬ್ಬಿ ಕಿತ್ತುಕೊಳ್ಳುತ್ತಿದ್ದರು. ಆ ಕೇಕಿನಲ್ಲಿ ಕಾರ್ಬೈಡ್ ದೀಪದ ವಾಸನೆ ಇರುತ್ತಿತ್ತು. "ಈಗಲೂ ನನಗೆ ಕೇಕ್ ಅಂದರೆ ಆ ವಾಸನೆಯೇ" ಅಂದಳು.

ಗಂಡ ಸತ್ತರೆ ಹೆಂಗಸಿಗೆ ಆ ಮನೆಯಲ್ಲಿ ಇರುವ ಹಕ್ಕು ಇರಲಿಲ್ಲ. ಅದೇ ರಾಜ್ಯದ ಉತ್ತರದಲ್ಲಿ ಮೊನೊಂಗಾ ಅನ್ನುವ ಊರಿದೆ. 1907ರ ಡಿಸೆಂಬರ್ 6ರಂದು ಅಲ್ಲಿನ ಗಣಿ ಸ್ಫೋಟದಲ್ಲಿ 360ಕ್ಕೂ ಹೆಚ್ಚು ಮಂದಿ ಸತ್ತರು. ಒಂದೇ ಬೆಳಗ್ಗೆ. ಗಂಡನ ಹೆಣ ಸಿಗದ ಒಬ್ಬಾಕೆ ಮುಂದೆ ದಿನಾ ಗಣಿಯಿಂದ ಒಂದು ಚೀಲ ಕಲ್ಲಿದ್ದಲು ಹೊತ್ತು ತಂದು ಮನೆ ಪಕ್ಕ ಸುರಿಯುತ್ತಿದ್ದಳಂತೆ. ಅವನ ಮೇಲಿನ ಭಾರ ಅಷ್ಟಾದರೂ ಇಳಿಯಲಿ ಅಂತ. ಅದು ಗುಡ್ಡದಷ್ಟು ಬೆಳೆಯಿತು ಅಂತ ಅಲ್ಲಿನವರು ಹೇಳುತ್ತಾರೆ.

ಓದುಗ_ತುಮಕೂರು

ಮೇಡಂ, ಈ ಊರುಗಳು ಮುಗಿದದ್ದು ಹೇಗೆ?

ಬೆಟ್ಟದ_ಡಾಕ್ಟರ್

ರಸ್ತೆ ಬಂತು, ಕಾರು ಬಂತು, ಕಂಪನಿ ಅಂಗಡಿ ಬಿಟ್ಟು ಬೇರೆ ಕಡೆ ಹೋಗುವುದು ಸಾಧ್ಯವಾಯಿತು. ಎರಡನೇ ಮಹಾಯುದ್ಧದ ನಂತರ ಕಂಪನಿಗಳು ಮನೆಗಳನ್ನು ಅದರಲ್ಲಿದ್ದವರಿಗೇ ಮಾರಿದವು. 1946ರ ಒಪ್ಪಂದದಲ್ಲಿ ಪ್ರತಿ ಟನ್ನಿಗೆ 5 ಸೆಂಟ್ ಗಣಿಯವರ ಕ್ಷೇಮನಿಧಿಗೆ ಅಂತ ಆಯಿತು. ಆ ಮೊತ್ತ ಮುಂದೆ ಬೆಳೆದು, 1956ರಲ್ಲಿ ಅದೇ ನಿಧಿಯಿಂದ ಮೂರು ರಾಜ್ಯಗಳಲ್ಲಿ 10 ಆಸ್ಪತ್ರೆ ಕಟ್ಟಿದರು. ಡಾಕ್ಟರಾಗಿ ನನಗೆ ಇದಕ್ಕಿಂತ ದೊಡ್ಡ ಸಂಗತಿ ಇಲ್ಲ. ಅಲ್ಲಿಯವರೆಗೆ ಡಾಕ್ಟರ್ ಕೂಡ ಕಂಪನಿಯವನೇ. ನಿನ್ನ ಎದೆಯಲ್ಲಿ ಧೂಳು ಕೂತಿದೆ ಅಂತ ಅವನು ಹೇಗೆ ಹೇಳುತ್ತಾನೆ?

ಅದೇ ಹೊತ್ತಿಗೆ ಅಗೆಯುವ ಯಂತ್ರಗಳು ಬಂದವು. ಹತ್ತು ಜನರ ಕೆಲಸಕ್ಕೆ ಮೂರು ಜನ ಸಾಕಾಯಿತು. ಮ್ಯಾಕ್‌ಡೊವೆಲ್ ಕೌಂಟಿಯಲ್ಲಿ 1950ರಲ್ಲಿ 98,887 ಜನ ಇದ್ದರು. 2020ರಲ್ಲಿ 19,111. ಬಡವರಿಗೆ ಆಹಾರ ಕೊಳ್ಳಲು ಚೀಟಿ ಕೊಡುವ ಸರ್ಕಾರದ ಹೊಸ ಫುಡ್ ಸ್ಟ್ಯಾಂಪ್ ಯೋಜನೆ 1961ರ ಮೇ 29ರಂದು ಪ್ರಯೋಗವಾಗಿ ಶುರುವಾದದ್ದೂ ಇದೇ ಕೌಂಟಿಯಲ್ಲಿ. ಮೊದಲು ಪಡೆದವರು ಕೆಲಸ ಕಳೆದುಕೊಂಡ ಗಣಿಯವರ ಮನೆಯವರು.

ಯಂತ್ರ ಎಬ್ಬಿಸಿದ ಧೂಳು ಇನ್ನೂ ಜಾಸ್ತಿ, ಇನ್ನೂ ಸಣ್ಣದು. ಬೆಕ್ಲಿ ಊರಿನಲ್ಲಿ ಡಾ. ಡೊನಾಲ್ಡ್ ರಾಸ್ಮುಸೆನ್ ಅನ್ನುವವರು 1962ರಿಂದ ಇದ್ದರು. ಎಕ್ಸ್‌ರೇಯಲ್ಲಿ ಅಷ್ಟೇನೂ ಕಾಣದ ಗಣಿಯವರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ, ರಕ್ತದಲ್ಲಿ ಆಮ್ಲಜನಕ ಅಳೆದು, ಇವರ ಉಸಿರು ಹೋಗುತ್ತಿರುವುದು ನಿಜ ಅಂತ ತೋರಿಸಿದರು. ರಾತ್ರಿ ಹೊತ್ತು ಊರೂರು ಸುತ್ತಿ ಜನರಿಗೆ ತಿಳಿಹೇಳಿದರು. 1968ರ ನವೆಂಬರಿನಲ್ಲಿ ಫಾರ್ಮಿಂಗ್ಟನ್ ಗಣಿ ಸ್ಫೋಟದಲ್ಲಿ 78 ಮಂದಿ ಸತ್ತರು. ಮರುವರ್ಷ ಫೆಬ್ರವರಿಯಲ್ಲಿ ಬ್ಲ್ಯಾಕ್ ಲಂಗ್ (ಈ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ) ಕಾನೂನಿಗಾಗಿ ರಾಜ್ಯದ ಗಣಿಯವರು ಸುಮಾರು 40,000 ಮಂದಿ ಕೆಲಸ ನಿಲ್ಲಿಸಿದರು. ವರ್ಷದ ಕೊನೆಗೆ ಇಡೀ ದೇಶಕ್ಕೆ ಕಾನೂನು ಬಂತು. ಕಾಯಿಲೆ ಹೋಗಲಿಲ್ಲ. ಈಗ ಉಳಿದಿರುವುದು ತೆಳು ಪದರ, ಕಲ್ಲಿದ್ದಲಿನ ಜೊತೆ ಬಂಡೆಯನ್ನೂ ಕೊರೆಯುತ್ತಾರೆ. ನಲವತ್ತು ದಾಟದವರ ಎಕ್ಸ್‌ರೇ ಕೂಡ ನನ್ನ ಕೈಗೆ ಬರುತ್ತಿತ್ತು. ಅವರಿಗೆ ಹೇಳುವುದು ನನಗೆ ಕೊನೆಯವರೆಗೂ ಅಭ್ಯಾಸವಾಗಲಿಲ್ಲ.

ಲೆಕ್ಕಿಗ

ಡಾಕ್ಟ್ರೇ, ಮನೆಯ ಬಗ್ಗೆ ನೀವು ಹೇಳಿದ್ದನ್ನು ಒಪ್ಪಿದೆ. ನಾನು ಕೂಲಿ ಮತ್ತು ರೇಟು ಮಾತ್ರ ನೋಡಿದ್ದೆ. ಊರು ಬದಲಾಯಿಸುವ ಸ್ವಾತಂತ್ರ್ಯ ಇತ್ತು, ಊರಲ್ಲೇ ನಿಂತು ಮಾತಾಡುವ ಸ್ವಾತಂತ್ರ್ಯ ಇರಲಿಲ್ಲ, ಅಲ್ವಾ? ಆ ತಾತ ಕೊನೆಗೆ ಎಲ್ಲಿದ್ದರು?

ಬೆಟ್ಟದ_ಡಾಕ್ಟರ್

ಅದೇ ಕಣಿವೆಯಲ್ಲಿ. ಅವರು ಇದ್ದ ಕಂಪನಿ ಮನೆಯನ್ನೇ ಮಾರಾಟಕ್ಕೆ ಬಂದಾಗ ಕೊಂಡಿದ್ದರು. ನಾಲ್ಕು ಕೋಣೆ, ಮುಂದೆ ಜಗಲಿ. ಕೊನೇ ವರ್ಷ ಆಮ್ಲಜನಕದ ಸಿಲಿಂಡರ್ ಬಿಟ್ಟು ಅಲ್ಲಾಡಲು ಆಗುತ್ತಿರಲಿಲ್ಲ, ಹಾಗಾಗಿ ನಾನೇ ಮನೆಗೆ ಹೋಗಿ ನೋಡುತ್ತಿದ್ದೆ. ಬಾಗಿಲ ಚೌಕಟ್ಟಿನ ಮೇಲೆ ಕಂಪನಿ ಹೊಡೆದ ನಂಬರಿನ ತಗಡು ಹಾಗೇ ಇತ್ತು. ಅರ್ಧ ಶತಮಾನದಲ್ಲಿ ಆ ಬಾಗಿಲಿಗೆ ಎಷ್ಟೋ ಸಲ ಬಣ್ಣ ಬಳಿದಿದ್ದರು. ಹತ್ತಿರ ಹೋಗಿ ನೋಡಿದರೆ ತಗಡಿನ ಸುತ್ತ ಬಣ್ಣದ ಪದರ ಪದರ ಕಾಣುತ್ತಿತ್ತು, ಬಿಳಿ, ಹಸಿರು, ಮತ್ತೆ ಬಿಳಿ. ಒಂದು ಸಲವೂ ಅದನ್ನು ಕಿತ್ತಿರಲಿಲ್ಲ. ಒಂದು ಸಲವೂ ಅದರ ಮೇಲೆ ಬಳಿದಿರಲಿಲ್ಲ.